ಸಾವಿರ ಬೀಡಿಯಲ್ಲಿ ಪುಸ್ತಕಕ್ಕೆ ಬಿದ್ದದ್ದೆಷ್ಟು?

ಮುಳಬಾಗಿಲಿನ ನಮ್ಮ ಓಣಿಯಲ್ಲಿ ಹೆಂಗಸರ ಸಂಪಾದನೆಯನ್ನು ಯಾರೂ ತಿಂಗಳ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ‘ಆಕೆ ಸಾವಿರ ಕಟ್ತಾಳೆ’, ‘ಈಕೆದು ಏಳ್ನೂರೇ’ ಎಂದೇ ಮಾತು. ಸಂಬಂಧ ಕುದುರಿಸಲು ಬಂದವರೂ ಹುಡುಗಿ ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಾಳೆ ಎಂದು ಕೇಳಿ ತಿಳಿದುಕೊಂಡೇ ಮುಂದಿನ ಮಾತಿಗೆ ಹೋಗುತ್ತಿದ್ದರು. ಬ್ಯಾಂಕಿನ ಕೆಲಸಕ್ಕೆ ಸೇರಿ ಶ್ರೀನಿವಾಸಪುರ, ಮಾಲೂರು, ಕೋಲಾರ ಎಂದು ಓಡಾಡಿದ ಮೇಲೆ ಆ ಸಾವಿರದ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ನನಗೆ ಗಟ್ಟಿಯಾಗಿ ಅನಿಸಿದೆ. ಕಟ್ಟಿದ ಸಾವಿರದಲ್ಲಿ ಪುಸ್ತಕಕ್ಕೆ, ಅಂದರೆ ಆಕೆಯ ಹೆಸರಲ್ಲಿ ಬೀಡಿಯ ಲೆಕ್ಕ ಬರೆಯುವ ಪುಸ್ತಕಕ್ಕೆ, ಬಿದ್ದದ್ದೆಷ್ಟು?

ನಮ್ಮಮ್ಮ ಈ ಕೆಲಸ ಕಲಿತದ್ದು ಪಕ್ಕದ ಮನೆಯ ಖಾಲಾ ಹತ್ತಿರ. ಸಂಜೆ ಎಲೆಯನ್ನು ನೀರಲ್ಲಿ ನೆನೆಸಿ, ಸೋಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಹೊತ್ತಿಗೆ ಮೆತ್ತಗಾಗಿರುತ್ತಿತ್ತು. ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು ಕತ್ತರಿ ಆಡಿಸಬೇಕು. ದಪ್ಪ ನರ ಮಧ್ಯೆ ಬಂದರೆ ಸುತ್ತುವಾಗ ಎಲೆ ಸೀಳುತ್ತದೆ, ಹಾಗಾಗಿ ನರ ತಪ್ಪಿಸಿ ಒಂದೆಲೆಯಲ್ಲಿ ಎರಡು ತುಂಡು ತೆಗೆಯುವವಳೇ ಜಾಣೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಚಿಟಿಕೆ ತಂಬಾಕು ಹರಡಿ, ಬೆರಳಲ್ಲಿ ಉರುಳಿಸಿ, ದಾರ ಸುತ್ತಿ, ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿದರೆ ಒಂದು ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ. ಖಾಲಾ ಮಾತಾಡುತ್ತಲೇ ಕಟ್ಟುತ್ತಿದ್ದರು, ಕಣ್ಣು ಮೊರದ ಮೇಲೆ ಇರಬೇಕಾಗಿರಲಿಲ್ಲ.

ಆ ಎಲೆ ನಮ್ಮ ಕಡೆಯದಲ್ಲ. ಬೇಸಿಗೆಯಲ್ಲಿ ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾದ ಕಾಡುಗಳಲ್ಲಿ ಆದಿವಾಸಿಗಳು ಕೊಯ್ದು, ಕಂತೆ ಕಟ್ಟಿ ಒಣಗಿಸಿದ ತೆಂದು ಎಲೆ. ತಂಬಾಕು ನಿಪ್ಪಾಣಿಯಿಂದ, ಗುಜರಾತಿನಿಂದ ಬರುತ್ತದೆ. ಎರಡೂ ಗುತ್ತಿಗೆದಾರನ ಕೈ ದಾಟಿಯೇ ಹೆಂಗಸರ ಮೊರಕ್ಕೆ ಬೀಳಬೇಕು. ಹಣದ ಸೋರಿಕೆ ಮೊದಲು ಶುರುವಾಗುವುದು ಈ ಕೈಯಲ್ಲೇ. ಸಾವಿರಕ್ಕೆ ಇಷ್ಟು ಎಲೆ ಎಂದು ತೂಗಿ ಕೊಡುತ್ತಾರೆ. ಅದರಲ್ಲಿ ತೂತು ಬಿದ್ದದ್ದು, ಪುಡಿಯಾದದ್ದು ಎಷ್ಟಿದ್ದರೂ ಸಂಜೆ ಸಾವಿರವನ್ನು ಎಣಿಸಿ ಕೊಡಲೇಬೇಕು. ‘ಎಲೆ ಕಮ್ಮಿ ಬಿತ್ತು’ ಎಂದರೆ ಅಂಗಡಿಯಲ್ಲಿ ಸ್ವಂತ ದುಡ್ಡಿಗೆ ಎಲೆ ತರಬೇಕು. ಮೇಲೆ, ಕಟ್ಟು ಬಿಚ್ಚಿ ಹೆಬ್ಬೆರಳಲ್ಲಿ ಒತ್ತಿ ನೋಡಿ ‘ಇದು ಸಡಿಲ’ ಎಂದು ಪಕ್ಕಕ್ಕೆ ಹಾಕಿದ ಬೀಡಿಗೆ ಕೂಲಿ ಇಲ್ಲ, ಬೀಡಿಯೂ ವಾಪಸು ಬರುವುದಿಲ್ಲ. ನಮ್ಮಮ್ಮ ಕೊಡುತ್ತಿದ್ದ ಕಡೆ ಹೀಗೆ ಪಕ್ಕಕ್ಕೆ ಹೋದ ಬೀಡಿಗಳು ಮತ್ತೆ ಕಟ್ಟಾಗಿ ಮಾರಾಟಕ್ಕೆ ಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಇಂಥ ತಕರಾರುಗಳಿಗೆಂದೇ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿ ದಾರಿ ಇತ್ತು. ಆ ಕಾಯ್ದೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋಗಿದೆ. ಮೊರ ಹಿಡಿದು ಸಾಲಲ್ಲಿ ನಿಂತ ಹೆಂಗಸು ನಾಳೆಯೂ ಅದೇ ಗುತ್ತಿಗೆದಾರನ ಹತ್ತಿರ ಎಲೆ ಈಸಿಕೊಳ್ಳಬೇಕಾದವಳು. ಅವಳು ಯಾವ ಕಚೇರಿಗೆ ಹೋಗಿ ದೂರು ಕೊಟ್ಟಾಳು?

ಎಲೆಯ ನಷ್ಟ ಕಣ್ಣಿಗೆ ಕಾಣುತ್ತದೆ, ಬಾಯಿಬಿಟ್ಟು ಬೈಯಬಹುದು. ಕಾಣದ ನಷ್ಟ ಇದಕ್ಕಿಂತ ದೊಡ್ಡದು.

1977ರಲ್ಲಿ ನೌಕರರ ಭವಿಷ್ಯನಿಧಿ, ಅಂದರೆ ನಾವು ಹೇಳುವ ಪಿಎಫ್, ಬೀಡಿ ಉದ್ಯಮಕ್ಕೂ ಬಂತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರು ನಮ್ಮ ನೌಕರರೇ ಅಲ್ಲ ಎಂದು ಮಾಲೀಕರು ಸುಪ್ರೀಂ ಕೋರ್ಟ್‌ವರೆಗೆ ವಾದಿಸಿದರು. ಪಿ. ಎಂ. ಪಟೇಲ್ ಅಂಡ್ ಸನ್ಸ್ ಮೊಕದ್ದಮೆಯಲ್ಲಿ 1985ರಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಮನೆಯ ಜಗುಲಿಯಲ್ಲಿ ಕೂತು ಕಟ್ಟಿದರೂ ಆಕೆ ನೌಕರಳೇ, ಪಿಎಫ್‌ಗೆ ಹಕ್ಕುದಾರಳೇ. ಓಣಿಯ ಹೆಂಗಸರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ತೀರ್ಪು ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಲೆಕ್ಕ ನೋಡೋಣ. ಸಾವಿರಕ್ಕೆ ಎಷ್ಟು ಎಂಬುದನ್ನು ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆ ಹೇಳುತ್ತದೆ. ತುಟ್ಟಿಭತ್ಯೆ ಸೇರಿ ಏಪ್ರಿಲ್ ಬಂದಾಗಲೆಲ್ಲ ಅದು ಬದಲಾಗುತ್ತದೆ, ಆದ್ದರಿಂದ ಲೆಕ್ಕ ಸುಲಭವಾಗಲಿ ಎಂದು 200 ರೂಪಾಯಿ ಹಿಡಿಯುತ್ತೇನೆ. ಬೀಡಿ ಉದ್ಯಮದಲ್ಲಿ ಪಿಎಫ್ ವಂತಿಗೆ ಶೇ 10. ಬೇರೆ ಕಡೆ ಇರುವ ಶೇ 12 ಇಲ್ಲಿಲ್ಲ. ಮಾಲೂರಿನ ಇಟ್ಟಿಗೆ ಕೆಲಸಕ್ಕೂ ಇದೇ ಶೇ 10 ಅನ್ವಯ ಎಂಬುದನ್ನು ಆ ಕಡೆಯ ಓದುಗರು ನೆನಪಿಟ್ಟುಕೊಳ್ಳಲಿ. ಪುಸ್ತಕಕ್ಕೆ ಬರೆದ ಸಾವಿರ ಬೀಡಿಗೆ ಆಕೆಯ ಕೂಲಿಯಿಂದ 20 ಹಿಡಿಯುತ್ತಾರೆ, ಮಾಲೀಕ ಇನ್ನೊಂದು 20 ಸೇರಿಸುತ್ತಾನೆ. ಕೈಗೆ ಬರುವುದು 180.

ಗುತ್ತಿಗೆದಾರನ ಮಾತು ಇಲ್ಲಿಂದ ಶುರುವಾಗುತ್ತದೆ. ‘ಪುಸ್ತಕಕ್ಕೆ ಬರೆಯೋದು ಬೇಡಮ್ಮಾ, ಕೈಗೇ 190 ಕೊಡ್ತೀನಿ.’ ಹತ್ತು ರೂಪಾಯಿ ಹೆಚ್ಚು ಬಂತೆಂದು ಹೆಂಗಸು ಒಪ್ಪುತ್ತಾಳೆ. ಒಲೆ ಮೇಲೆ ಅನ್ನಕ್ಕಿಟ್ಟು ಅಕ್ಕಿ ತರಲು ಬಂದವಳಿಗೆ ಆ ಹತ್ತು ರೂಪಾಯಿ ಸಣ್ಣದಲ್ಲ, ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಆ 10ಕ್ಕಾಗಿ ಅವಳು ಬಿಟ್ಟುಕೊಟ್ಟದ್ದು ತನ್ನ 20, ಮಾಲೀಕನ 20, ಒಟ್ಟು 40 ರೂಪಾಯಿ. ಬರೆಯದ ಪ್ರತಿ ಸಾವಿರಕ್ಕೂ 30 ರೂಪಾಯಿ ಶುದ್ಧ ನಷ್ಟ.

ದಿನಕ್ಕೆ ಏಳ್ನೂರರಂತೆ ತಿಂಗಳಿಗೆ 24 ದಿನ ಕಟ್ಟಿದರೆ 16,800 ಬೀಡಿ, 3,360 ರೂಪಾಯಿ ಕೂಲಿ. ಆಕೆಯ 336, ಮಾಲೀಕನ 336. ಮಾಲೀಕನ ಪಾಲಿನಲ್ಲಿ ಸುಮಾರು 280 ಪಿಂಚಣಿ ಖಾತೆಗೆ ಹೋಗುತ್ತದೆ, ಉಳಿದ 56 ಪಿಎಫ್‌ಗೆ. ಅಲ್ಲಿಗೆ ಪಿಎಫ್‌ನಲ್ಲಿ ತಿಂಗಳಿಗೆ 392, ವರ್ಷಕ್ಕೆ 4,704. ಕೂಲಿ ಒಂದು ಪೈಸೆ ಏರದಿದ್ದರೂ, ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಇದು ಎರಡು ಲಕ್ಷ 20 ಸಾವಿರದ ಆಸುಪಾಸಿಗೆ ಬೆಳೆಯುತ್ತದೆ. ಕಟ್ಟಿದ ಬೀಡಿಯಲ್ಲಿ ಅರ್ಧದಷ್ಟನ್ನು ಮಾತ್ರ ಪುಸ್ತಕಕ್ಕೆ ಬರೆದರೆ ಒಂದು ಲಕ್ಷಕ್ಕಿಂತ ಹೆಚ್ಚು ಹಣ ಹುಟ್ಟುವುದೇ ಇಲ್ಲ. ಮಗಳ ಮದುವೆಗೋ ಮನೆಯ ತಾರಸಿಗೋ ಆಗಬೇಕಾಗಿದ್ದ ಲಕ್ಷ ಅದು.

ಪಿಂಚಣಿಯ ಲೆಕ್ಕ ಇನ್ನೊಂದು ರೀತಿಯದು, ಅದನ್ನು ಬಿಡಿಸಿ ಹೇಳಲೇಬೇಕು. ಅಲ್ಲಿ ಮೊತ್ತಕ್ಕಿಂತ ವರ್ಷಗಳು ಮುಖ್ಯ. 10 ವರ್ಷದ ಸೇವೆ ದಾಖಲೆಯಲ್ಲಿ ಇದ್ದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ. 2014ರ ಸೆಪ್ಟೆಂಬರ್‌ನಿಂದ ಅದರ ಕನಿಷ್ಠ ಮೊತ್ತ 1,000 ರೂಪಾಯಿ. ಈ ಕಾಲಕ್ಕೆ ಸಾವಿರ ರೂಪಾಯಿ ತೀರಾ ಕಮ್ಮಿ, ಅದನ್ನು ಏರಿಸಬೇಕೆಂಬ ಕೂಗು ನ್ಯಾಯವಾದದ್ದೇ. ಹಾಗಿದ್ದರೂ ಬೆರಳು ಸೋತು ಕಣ್ಣು ಮಂಜಾದ ಹೆಂಗಸಿಗೆ ಮಗನ ಮುಂದೆ ಕೈಚಾಚದೆ ಬಿಪಿ ಮಾತ್ರೆ ತರಲು ಅಷ್ಟಾದರೂ ಬೇಕು. ನಮ್ಮ ಕಡೆ ಎಷ್ಟೋ ಹೆಂಗಸರು ಏಳೆಂಟು ವರ್ಷ ಕಟ್ಟಿ, ಮದುವೆಗೋ ಹೆರಿಗೆಗೋ ಎಂದು ಪಿಎಫ್ ಜೊತೆಗೆ ಪಿಂಚಣಿಯ ದುಡ್ಡನ್ನೂ ಬಿಡಿಸಿಕೊಂಡರು. ಅಲ್ಲಿಗೆ ಆ ವರ್ಷಗಳು ಅಳಿಸಿಹೋದವು. ಪಿಎಫ್‌ನಿಂದ ಮುಂಗಡ ತೆಗೆಯಿರಿ, ಕಾಯಿಲೆಗೆ, ಮದುವೆಗೆ, ಮನೆಗೆ ಅವಕಾಶ ಇದೆ. ಪಿಂಚಣಿಯ ವರ್ಷಗಳನ್ನು ಮಾತ್ರ ಮುಟ್ಟಬೇಡಿ. ಕೆಲಸ ಬಿಟ್ಟರೂ ಪಿಂಚಣಿ ಯೋಜನೆಯ ಪ್ರಮಾಣಪತ್ರ (ಸ್ಕೀಮ್ ಸರ್ಟಿಫಿಕೇಟ್) ಇಟ್ಟುಕೊಂಡರೆ ಮುಂದೆ ಎಲ್ಲಿ ಸೇರಿದರೂ ಅದು ಕೂಡುತ್ತದೆ.

ರಂಜಾನ್ ಮುಂಚೆ ಗುತ್ತಿಗೆದಾರನ ಹತ್ತಿರ ಅಡ್ವಾನ್ಸ್ ತೆಗೆಯುವುದು ಓಣಿಯ ರೂಢಿ. ಬಡ್ಡಿ ಇಲ್ಲ ಎನ್ನುತ್ತಾನೆ. ಆದರೆ ಅವನ ಸಾಲ ಇರುವವಳಿಗೆ ಎಲೆಯ ತೂಕ ಕೇಳುವ ಬಾಯಿ ಇರುವುದಿಲ್ಲ, ಪುಸ್ತಕಕ್ಕೆ ಬರೆಯಿರಿ ಎನ್ನುವ ಧೈರ್ಯವೂ ಇರುವುದಿಲ್ಲ. ಬಡ್ಡಿ ವಸೂಲಾಗುವುದು ಅಲ್ಲಿ. ಪಿಎಫ್‌ನಲ್ಲಿ ನಿಮ್ಮದೇ ದುಡ್ಡಿದ್ದರೆ ಅವನ ಮುಂದೆ ನಿಲ್ಲುವ ಪ್ರಮೇಯ ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಹೆಣ್ಣುಮಕ್ಕಳ ವಿಷಯ. ಖಾಲಾ ಮನೆಯಲ್ಲಿ ಮೊರ ಮೂರಿದ್ದವು, ಪುಸ್ತಕ ಒಂದೇ. ದೊಡ್ಡವಳು, ಚಿಕ್ಕವಳು ಇಬ್ಬರೂ ಕಟ್ಟಿದ್ದು ತಾಯಿಯ ಹೆಸರಿಗೆ ಬೀಳುತ್ತಿತ್ತು. ದೊಡ್ಡವಳು ಶ್ರೀನಿವಾಸಪುರಕ್ಕೆ ಮದುವೆಯಾಗಿ ಹೋದಾಗ ಅವಳ ಜೊತೆ ಹೋದದ್ದು ಕೈಚಳಕ ಮಾತ್ರ. ಅಲ್ಲಿ ಅತ್ತೆಯ ಪುಸ್ತಕಕ್ಕೆ ಬರೆಸಿದರು. ಹದಿನೆಂಟು ತುಂಬಿದ ದಿನದಿಂದ ಅವಳ ಹೆಸರಲ್ಲೇ ಬರೆದಿದ್ದರೆ ಇಷ್ಟರಲ್ಲಿ ಪಿಂಚಣಿಯ 10 ವರ್ಷ ದಾಟಿರುತ್ತಿತ್ತು. ಈಗ ಯುಎಎನ್ ಎಂಬ ಒಂದೇ ಸಂಖ್ಯೆ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಮನೆಯಲ್ಲಿ ಕಟ್ಟುವ ಕೈ ಎಷ್ಟಿವೆಯೋ ಅಷ್ಟು ಯುಎಎನ್ ಇರಬೇಕು. ಸೊಸೆಯದು ಸೊಸೆಯ ಹೆಸರಿಗೇ ಬೀಳಬೇಕು. ಅತ್ತೆಯರು ಇದಕ್ಕೆ ಮನಸ್ಸು ಮಾಡಬೇಕು ಎಂದು ಕೈಮುಗಿದು ಕೇಳುತ್ತೇನೆ.

ಹಳೆಯ ಪುಸ್ತಕಗಳಲ್ಲಿ ಹೆಸರಿನ ಗೋಜಲು ಬಹಳ. ಪುಸ್ತಕದಲ್ಲಿ ‘ಬೀ’, ಆಧಾರ್‌ನಲ್ಲಿ ‘ಬೇಗಂ’, ಬ್ಯಾಂಕಿನಲ್ಲಿ ‘ಉನ್ನೀಸಾ’. ಹುಟ್ಟಿದ ವರ್ಷ ಮೂರು ಕಡೆ ಮೂರು. ಅರ್ಜಿ ತಿರಸ್ಕಾರವಾಗಿ ವಾಪಸು ಬರುವುದು ಹೆಚ್ಚಾಗಿ ಇದರಿಂದಲೇ. ನಿವೃತ್ತಿಯ ಹೊತ್ತಿಗೆ ಓಡಾಡುವ ಬದಲು ಈಗಲೇ ಜಂಟಿ ಘೋಷಣೆ ಕೊಟ್ಟು ತಿದ್ದಿಸಿಕೊಳ್ಳಿ. ಹಳೆಯ ಖಾತೆಗಳಲ್ಲಿ ಅದಕ್ಕೆ ಮಾಲೀಕನ ಸಹಿಯೂ ಬೇಕಾಗುತ್ತದೆ, ಕಾರ್ಖಾನೆ ಮುಚ್ಚಿದ ಮೇಲೆ ಆ ಸಹಿಗೆ ಅಲೆಯುವುದು ಕಷ್ಟ. ತಿಂಗಳ 27ರಂದು ಪಿಎಫ್‌ನವರು ಜಿಲ್ಲೆಗೊಂದು ಶಿಬಿರದಂತೆ ‘ನಿಧಿ ಆಪ್ಕೆ ನಿಕಟ್’ ನಡೆಸುತ್ತಾರೆ, 2023ರ ಜನವರಿಯಿಂದ ಎಲ್ಲ ಜಿಲ್ಲೆಗಳಲ್ಲೂ ಇದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೆಯ ಬೀಡಿ ಪುಸ್ತಕ ಹಿಡಿದು ಹೋಗಿ.

ಬೀಡಿ ಕಾರ್ಮಿಕರ ಗುರುತಿನ ಚೀಟಿಯ ಬಗ್ಗೆ ಒಂದು ಮಾತು. ಸಾವಿರ ಬೀಡಿಗೆ 5 ರೂಪಾಯಿಯಂತೆ ವಸೂಲಾಗುತ್ತಿದ್ದ ಕಲ್ಯಾಣ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಯೋಜನೆಗಳು ಉಳಿದಿವೆ. ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ 1,000ದಿಂದ ಹಿಡಿದು ವೃತ್ತಿಶಿಕ್ಷಣಕ್ಕೆ 25,000ದವರೆಗೆ ವಿದ್ಯಾರ್ಥಿವೇತನ ಇದೆ. ಕಾಲೇಜು ಸೇರಿದ ಮಗಳಿಗೆ ಈ ಚೀಟಿ ಇಲ್ಲದೆ ಅರ್ಜಿ ಹಾಕಲಾಗುವುದಿಲ್ಲ.

ಸೇದುವವರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದಿನಕ್ಕೊಂದು ಕಟ್ಟು, ಬೆಂಕಿಪೊಟ್ಟಣ ಸೇರಿ 25 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 9,125. ಅದನ್ನು ಕಟ್ಟಿದ ಹೆಂಗಸಿನ ಪಿಎಫ್‌ಗೆ ವರ್ಷವಿಡೀ ಬೀಳುವ ಹಣದ ಹತ್ತಿರಹತ್ತಿರ ಎರಡರಷ್ಟು. ಈಚೆಗೆ ಹುಡುಗರು ಸಿಗರೇಟಿಗಿಂತ ಅಗ್ಗ ಎಂದು ತೆಳು ಕಾಗದ ತಂದು ತಾವೇ ಸುತ್ತಿಕೊಳ್ಳುತ್ತಾರೆ. ಕಾಗದವಿರಲಿ, ಎಲೆಯಿರಲಿ, ಎದೆಗೆ ಹೋಗುವ ಹೊಗೆಯಲ್ಲಿ ರಿಯಾಯಿತಿ ಇಲ್ಲ. ನಮ್ಮ ತಂದೆಯ ಕೆಮ್ಮು ಕೇಳಿ ಬೆಳೆದವನಾಗಿ ಹೇಳುತ್ತಿದ್ದೇನೆ. ಬೀಡಿ ಮೇಲಿನ ಜಿಎಸ್‌ಟಿಯನ್ನು ಶೇ 28ರಿಂದ 18ಕ್ಕೆ, ಎಲೆಯ ಮೇಲಿನದನ್ನು 18ರಿಂದ 5ಕ್ಕೆ ಇಳಿಸಲು ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಕಾರ್ಮಿಕರ ಹೆಸರು ಹೇಳಿಯೇ ಈ ಇಳಿಕೆಯನ್ನು ಸಮರ್ಥಿಸಿದವರಿದ್ದಾರೆ. ಹಾಗಾದರೆ ಅದರಲ್ಲಿ ಒಂದು ಪಾಲು ಪೂರ್ತಿ ತೂಕದ, ಒಳ್ಳೆಯ ಎಲೆಯಾಗಿ ಮೊರಕ್ಕೆ ಬೀಳಬೇಕು.

ಸೇದುವವರು ಕಮ್ಮಿಯಾಗಲಿ ಎಂಬುದೇ ನನ್ನ ಆಸೆ. ಹಾಗಾದಂತೆ ಕೆಲಸವೂ ಕಮ್ಮಿಯಾಗುತ್ತದೆ, ಖಾಲಾ ಮೊಮ್ಮಕ್ಕಳು ಈಗಾಗಲೇ ಮೊರ ಮುಟ್ಟುತ್ತಿಲ್ಲ. ಈಗ ಕಟ್ಟುತ್ತಿರುವವರ ಹಳೆಯ ವರ್ಷಗಳನ್ನು ದಾಖಲೆಗೆ ಸೇರಿಸಿಕೊಳ್ಳಲು ಉಳಿದಿರುವ ಸಮಯ ಕಡಿಮೆ. ಯುಎಎನ್ ಇದ್ದವರು ಇದೇ ವಾರ ನಾಮಿನಿಯ ಹೆಸರನ್ನು ಒಮ್ಮೆ ತೆಗೆದು ನೋಡಿ. ಮದುವೆಗೆ ಮುಂಚೆ ಬರೆಸಿದ ಅಪ್ಪನ ಹೆಸರೇ ಇನ್ನೂ ಇರಬಹುದು. ಒಂದು ವರ್ಷ ಬಿಡದೆ ಕೆಲಸದಲ್ಲಿದ್ದ ಸದಸ್ಯೆ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಪಿಎಫ್ ಜೊತೆಗಿರುವ ವಿಮೆಯಿಂದ ಮನೆಯವರಿಗೆ ಕನಿಷ್ಠ ಎರಡೂವರೆ ಲಕ್ಷ ಬರಬೇಕು. ಎಷ್ಟೋ ಮನೆಗಳಲ್ಲಿ ಆ ಹಣವನ್ನು ಯಾರೂ ಕೇಳಿಯೇ ಇಲ್ಲ.