ನೀರಡಿಕೆಯನ್ನು ತಾಳುವ ಟೊಮ್ಯಾಟೊ

ಟೊಮ್ಯಾಟೊ ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 94 ಪಾಲು ನೀರೇ. ಆದರೂ ಬೇರು ಹೀರಿದ ನೀರಿನಲ್ಲಿ ಹಣ್ಣನ್ನು ಸೇರುವುದು ಅತ್ಯಲ್ಪ. ಬಹುಪಾಲು ಎಲೆಗಳ ಮೂಲಕ ಆವಿಯಾಗಿ ಹೋಗುತ್ತದೆ. ಎಲೆಯಲ್ಲಿರುವ ಸೂಕ್ಷ್ಮವಾದ ಪತ್ರರಂಧ್ರಗಳನ್ನು ಮುಚ್ಚಿಬಿಟ್ಟರೆ ನೀರು ಉಳಿಯದೇ? ಉಳಿಯುತ್ತದೆ, ಆದರೆ ಗಿಡವು ಹಸಿವಿನಿಂದ ಬಳಲುತ್ತದೆ. ನೀರಾವಿಯು ಹೊರಬೀಳುವ ಆ ದ್ವಾರದಿಂದಲೇ ಇಂಗಾಲಾಮ್ಲ ವಾಯುವು ಒಳಸೇರಬೇಕು. ಅದಿಲ್ಲದೆ ಸಕ್ಕರೆಯಿಲ್ಲ, ಸಕ್ಕರೆಯಿಲ್ಲದೆ ಹಣ್ಣಿಲ್ಲ. ಆದುದರಿಂದ ಬರದಲ್ಲಿ ಬದುಕಿ ಉಳಿಯುವ ತಳಿ ಬೇರೆ, ಬರದಲ್ಲಿಯೂ ಫಲ ಕೊಡುವ ತಳಿ ಬೇರೆ. ಕೊಳವೆಬಾವಿಯನ್ನೇ ನಂಬಿರುವ ಕೋಲಾರದ ಬೇಸಾಯಗಾರನಿಗೆ ಬೇಕಾದುದು ಎರಡನೆಯದು.

ಮಣ್ಣು ಒಣಗತೊಡಗಿದೊಡನೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ರಂಧ್ರಗಳು ಮುಚ್ಚಿಕೊಳ್ಳುವುದು ಅದರ ಆಣತಿಯಿಂದ. ಉತ್ಪರಿವರ್ತನೆ ಹೊಂದಿದ ಫ್ಲಾಕ ಎಂಬ ಟೊಮ್ಯಾಟೊ ಗಿಡದಲ್ಲಿ ಈ ಆಮ್ಲವು ಸಾಕಷ್ಟು ಹುಟ್ಟುವುದಿಲ್ಲ. ಪಾಪ, ಅದು ತೇವದ ಮಣ್ಣಿನಲ್ಲಿ ನಿಂತೇ ಬಾಡುತ್ತದೆ!

ಟೊಮ್ಯಾಟೊವಿನ ಕಾಡುಬಂಧುಗಳು ದಕ್ಷಿಣ ಅಮೆರಿಕದ ಪಶ್ಚಿಮ ಭಾಗದಲ್ಲಿವೆ. ಪೆರು ದೇಶದ ಒಣನೆಲದಲ್ಲಿ ಬೆಳೆಯುವ ಸೊಲೇನಮ್ ಪೆನ್ನೆಲಿಯ ಬೇರು ಚಿಕ್ಕದು, ಎಲೆ ದಪ್ಪ. ಅದು ದೊರೆತ ನೀರನ್ನು ಜಿಪುಣನಂತೆ ವ್ಯಯಿಸುತ್ತದೆ. ಅಟಕಾಮ ಮರುಭೂಮಿಯ ಅಂಚಿನ ಸೊಲೇನಮ್ ಚಿಲೆನ್ಸಿಯಾದರೋ ಬೇರನ್ನು ಆಳಕ್ಕೂ ಅಗಲಕ್ಕೂ ಚಾಚಿ ನೀರನ್ನು ಅರಸುತ್ತದೆ. ಎರಡರ ಹಣ್ಣೂ ಮಾಗಿದಾಗಲೂ ಹಸಿರಾಗಿರುವ ಸಣ್ಣ ಕಾಯಿಗಳೇ, ಅಡುಗೆಗೆ ಒದಗುವಂತಹವಲ್ಲ. ಸಂಕರದಿಂದ ಇವುಗಳ ಗುಣವನ್ನು ಊರಿನ ತಳಿಗೆ ತರುವಾಗ ಬೇಡದ ಗುಣಗಳೂ ಜೊತೆಗೆ ಬರುವುದೇ ತೊಡಕು.

ಬೇಸಾಯದ ತಳಿಗಳಲ್ಲಿಯೂ ಸಹಿಷ್ಣುಗಳಿಲ್ಲದೆ ಇಲ್ಲ. ಗ್ರೀಸಿನ ಸ್ಯಾಂಟೊರೀನಿ ದ್ವೀಪದ ಜ್ವಾಲಾಮುಖಿಯ ಮಣ್ಣಿನಲ್ಲಿ ನೀರು ಹಾಯಿಸದೆ ಬೆಳೆಯುವ ಪುಟ್ಟ ಟೊಮ್ಯಾಟೊ ಸವಿಗೆ ಹೆಸರಾದುದು. ನೀರು ಕಡಿಮೆಯಾದಷ್ಟೂ ಹಣ್ಣು ಕಿರಿದಾಗುತ್ತದೆ, ಸಕ್ಕರೆ ಸಾಂದ್ರವಾಗುತ್ತದೆ. ತೂಕದಲ್ಲಿ ಕಳೆದುದು ರುಚಿಯಲ್ಲಿ ದೊರೆಯುತ್ತದೆ. ಸಂತೆಯಲ್ಲಿ ಬೆಲೆ ಕಟ್ಟುವುದು ತೂಕಕ್ಕೆ, ಅದು ಬೇರೆ ಮಾತು. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ವಿಕಾಸ್ ತಳಿಯನ್ನು ಸಂಕರಿಸಿ ಪಡೆದ ಅರ್ಕಾ ಮೇಘಾಲಿಯು ಮಳೆಯಾಶ್ರಯದ ಬೇಸಾಯಕ್ಕೆ ತಕ್ಕುದು.

ನೀರಿನ ಕೊರತೆಗಿಂತ ಏರುಪೇರೇ ಕೆಲವೊಮ್ಮೆ ಹೆಚ್ಚು ಹಾನಿಕರ. ಕ್ಯಾಲ್ಸಿಯಂ ಧಾತುವು ನೀರಿನೊಡನೆಯೇ ಕಾಯಿಗೆ ಸಾಗಬೇಕು. ಪ್ರವಾಹ ಕಡಿದಾಗ ಕಾಯಿಯ ತುದಿಗೆ ಅದು ತಲುಪದೆ ಅಲ್ಲಿ ಕಪ್ಪು ಕಲೆ ಮೂಡಿ ಕುಗ್ಗುತ್ತದೆ. ಉದ್ದಕಾಯಿಯ ತಳಿಗಳಲ್ಲಿ ಇದು ಹೆಚ್ಚು, ಗೋಲಿಯಷ್ಟು ಸಣ್ಣಕಾಯಿಯವುಗಳಲ್ಲಿ ವಿರಳ. ಇದನ್ನು ಅಂಟುರೋಗವೆಂದು ಬಗೆದು ಔಷಧಿ ಸಿಂಪಡಿಸುವುದು ದುಡ್ಡಿನ ದಂಡ. ಇರುವ ಸ್ವಲ್ಪ ನೀರನ್ನು ಹೂ ಬಿಟ್ಟು ಕಾಯಿ ಕಚ್ಚುವ ವೇಳೆಗೆ ಮೀಸಲಿಟ್ಟು, ಬುಡಕ್ಕೆ ಹುಲ್ಲು ಹೊದಿಸಿ, ಸ್ವಲ್ಪಸ್ವಲ್ಪವಾಗಿ ತಪ್ಪದೆ ಕೊಡಬೇಕು. ಹಣ್ಣು ಕೆಂಪೇರಿದ ಮೇಲೆ ಕೈ ಬಿಗಿಹಿಡಿದರೂ ಬಾಧಕವಿಲ್ಲ.