ರಿವರ್ಸ್‌ನಲ್ಲಿ ಮಾತು ಕೇಳುವ ಪಂಖಾ

ಹಾಯಿದೋಣಿಯ ಮಾಲೀಕರು ನನ್ನಂಥ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ದೂರು ಹೆಚ್ಚಾಗಿ ಒಂದೇ: ದೋಣಿ ಮುಂದಕ್ಕೆ ಚೆಂದ ಹೋಗುತ್ತದೆ, ರಿವರ್ಸ್ ಹಾಕಿದರೆ ಹೇಳಿದ ಮಾತು ಕೇಳುವುದಿಲ್ಲ. ‘ಪ್ರೊಪೆಲರ್ ಬದಲಿಸಿಬಿಡಿ’ ಎಂಬ ಮಾತು ಅದರ ಹಿಂದೆಯೇ ಬರುತ್ತದೆ.

ನಾನು ಕಮಲನಗರದವನು. ಬೀದರ್ ಜಿಲ್ಲೆಯ ನಮ್ಮೂರಿಗೆ ಮಹಾರಾಷ್ಟ್ರದ ಉದಗೀರ ಹತ್ತಿರ, ಸಮುದ್ರ ಬಹಳ ದೂರ. ಡೀಸೆಲ್ ಎಂಜಿನ್ ಕೆಲಸ ಕಲಿತದ್ದು ಟ್ರ್ಯಾಕ್ಟರ್‌ಗಳ ಮೇಲೆ. ಹೊಟ್ಟೆಪಾಡಿಗೆ ಮುಂಬೈ ಸೇರಿದ ಮೇಲೆ ಗೇಟ್‌ವೇ ಆಫ್ ಇಂಡಿಯಾದ ಎದುರು ಲಂಗರು ಹಾಕಿರುವ ದೋಣಿಗಳ ಎಂಜಿನ್ ಕೈಗೆ ಬಂತು. ಮಳೆಗಾಲದಲ್ಲಿ ಆ ದೋಣಿಗಳನ್ನು ದಡಕ್ಕೆ ಎಳೆದು ನಿಲ್ಲಿಸುತ್ತಾರೆ. ಪ್ರೊಪೆಲರ್ ಬಿಚ್ಚುವುದು, ತೊಳೆಯುವುದು, ಬದಲಿಸುವುದು ಎಲ್ಲವೂ ಆಗಲೇ.

ಮೊದಲು ರೋಗ ತಿಳಿಯಬೇಕು. ಕಬ್ಬಿನ ಟ್ರಾಲಿಯನ್ನು ಹಿಂದಕ್ಕೆ ಬಿಡುವವನಿಗೆ ಗಾಲಿಯ ಕೆಳಗೆ ನೆಲದ ಹಿಡಿತ ಇರುತ್ತದೆ, ದೋಣಿಗೆ ಅದಿಲ್ಲ. ಮುಂದಕ್ಕೆ ಹೋಗುವಾಗ ಪ್ರೊಪೆಲರ್ ತಳ್ಳಿದ ನೀರು ಚುಕ್ಕಾಣಿಗೆ ನೇರ ಬಡಿಯುತ್ತದೆ. ಹಾಗಾಗಿ ದೋಣಿ ನಿಂತಲ್ಲೇ ಇದ್ದರೂ ತಿರುಗುತ್ತದೆ. ರಿವರ್ಸ್‌ನಲ್ಲಿ ಆ ನೀರು ಮುಂದಕ್ಕೆ, ದೋಣಿಯ ಹೊಟ್ಟೆಯ ಕಡೆ ಹೋಗುತ್ತದೆ. ದೋಣಿ ಸ್ವಲ್ಪ ವೇಗ ಹಿಡಿಯುವತನಕ ಚುಕ್ಕಾಣಿ ಇದ್ದೂ ಇಲ್ಲದಂತೆ.

ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಿ ಮುಂದೊಯ್ಯುವುದು ಬಲಗೈ ಪ್ರೊಪೆಲರ್. ರಿವರ್ಸ್‌ನಲ್ಲಿ ಅದು ಉಲ್ಟಾ ತಿರುಗುತ್ತದೆ, ಎಬ್ಬಿಸಿದ ನೀರು ದೋಣಿಯ ಬಲಬದಿಗೆ ಬಡಿಯುತ್ತದೆ. ಶಾಫ್ಟ್ ಇಳಿಜಾರಾಗಿರುವುದರಿಂದ ಏರುವ ರೆಕ್ಕೆ, ಇಳಿಯುವ ರೆಕ್ಕೆ ಎರಡೂ ಸಮನಾಗಿ ನೀರನ್ನು ಕಚ್ಚುವುದಿಲ್ಲ. ಈ ಎರಡು ಕಾರಣಗಳೂ ಕೂಡಿ ದೋಣಿಯ ಹಿಂಬದಿಯನ್ನು ಎಡಕ್ಕೆ ಎಳೆಯುತ್ತವೆ. ಎಡಗೈ ಪ್ರೊಪೆಲರ್ ಆದರೆ ಬಲಕ್ಕೆ. ಸೇಲ್‌ಡ್ರೈವ್ (ತಳದಿಂದ ನೇರ ಕೆಳಗಿಳಿದ ಕಾಲಿಗೆ ಪ್ರೊಪೆಲರ್ ಜೋಡಿಸಿದ ವ್ಯವಸ್ಥೆ) ಇರುವ ದೋಣಿಗಳಲ್ಲಿ ಪ್ರೊಪೆಲರ್‌ನ ಶಾಫ್ಟ್ ಇಳಿಜಾರಿಲ್ಲದೆ ಮಟ್ಟಸವಾಗಿರುವುದರಿಂದ ಈ ಎಳೆತ ಕಡಿಮೆ.

ಧಾರವಾಡದ ಕಡೆಯ ಮಾಲೀಕರೊಬ್ಬರು ದೋಣಿಯನ್ನು ಕೊಚ್ಚಿಯ ಬೋಳ್ಗಾಟಿ ಮರೀನಾಕ್ಕೆ ಒಯ್ಯುವ ತಯಾರಿಯಲ್ಲಿದ್ದರು. ಮುಂಬೈಯಲ್ಲಿ ತೆರೆದ ನೀರಿನಲ್ಲಿ ಲಂಗರು. ಕೊಚ್ಚಿಯಲ್ಲಿ ಹಾಗಲ್ಲ, ಇಕ್ಕಟ್ಟಿನ ಕಟ್ಟೆಗಳ ನಡುವೆ ಹಿಂದಕ್ಕೆ ಸರಿದು ನಿಲ್ಲಬೇಕು. “ಹಿಂದ ಹೋಗು ಅಂದ್ರ ಎಡಕ್ಕ ಓಡತೈತಲ್ಲೋ ತಮ್ಮಾ, ಹೊಸಾದು ಹಾಕಿದ್ರ ನೆಟ್ಟಗಾಗತೈತೇನು?” ಎಂದರು.

“ಪಂಖಾ ಬದಲಿ ಮಾಡಿದ್ರ ಜೋರು ಬರ್ತದ್ರಿ, ಸರ್. ಎಡಕ್ಕ ಎಳಿಯೋ ಗುಣ ಮಾತ್ರ ಪೂರಾ ಹೋಗಲ್ರಿ” ಎಂದೆ. ಈಗಲೂ ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಅವರ ದೋಣಿಯಲ್ಲಿದ್ದದ್ದು ಎರಡು ರೆಕ್ಕೆಯ ಸ್ಥಿರ ಪ್ರೊಪೆಲರ್. ಹಾಯಿಯಲ್ಲಿ ಓಡುವಾಗ ನೀರಿನ ಎಳೆತ ಕಡಿಮೆ, ಬೆಲೆಯೂ ಕಡಿಮೆ. ಆದರೆ ರೆಕ್ಕೆಯ ಬಾಗು ಮುಂದಿನ ಓಟಕ್ಕೆಂದೇ ಇರುವುದರಿಂದ ರಿವರ್ಸ್‌ನಲ್ಲಿ ಅದು ತಲೆಕೆಳಗಾಗಿ ಕೆಲಸ ಮಾಡುತ್ತದೆ. ಮೂರು ರೆಕ್ಕೆಯ ಸ್ಥಿರ ಪ್ರೊಪೆಲರ್ ಹಿಡಿತ ಹೆಚ್ಚಿಸುತ್ತದೆ, ನಡುಕ ಕಡಿಮೆ ಮಾಡುತ್ತದೆ. ಬದಲಿಗೆ ಹಾಯಿಯ ವೇಗವನ್ನು ತಿನ್ನುತ್ತದೆ.

ಮಡಿಚುವ ಪ್ರೊಪೆಲರ್ ಇನ್ನೊಂದು ಬಗೆ. ಡೆನ್ಮಾರ್ಕಿನ ಗೋರಿ, ಫ್ಲೆಕ್ಸೋಫೋಲ್ಡ್ ಈ ಜಾತಿಯವು. ಹಾಯಿ ಬಿಚ್ಚಿದಾಗ ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಎಳೆತ ಬಹಳ ಕಡಿಮೆ. ರಿವರ್ಸ್‌ನಲ್ಲಿ ನೀರಿನ ಒತ್ತಡ ಅವುಗಳನ್ನು ಮುಚ್ಚಲು ನೋಡುತ್ತದೆ, ತಿರುಗುವ ರಭಸವೇ ತೆರೆದಿಡಬೇಕು. ಹಳೆಯ ಎರಡು ರೆಕ್ಕೆಯವು ಇಲ್ಲಿ ಸೋಲುತ್ತವೆ. ಹೊಸ ಮೂರು ರೆಕ್ಕೆಯವು ಎಷ್ಟೋ ವಾಸಿ.

ರಿವರ್ಸ್ ಒಂದೇ ಮುಖ್ಯವಾದರೆ ನನ್ನ ಮತ ಫೆದರಿಂಗ್ ಪ್ರೊಪೆಲರ್‌ಗೆ. ಇಟಲಿಯ ಮ್ಯಾಕ್ಸ್‌ಪ್ರಾಪ್ ಇದರಲ್ಲಿ ಹೆಸರಾದದ್ದು. ಗೇರ್ ಹಿಂದಕ್ಕೆ ಹಾಕಿದೊಡನೆ ರೆಕ್ಕೆಗಳು ತಮ್ಮ ಬುಡದಲ್ಲೇ ಹೊರಳಿ, ಮುಂದಿನ ಅಂಚನ್ನೇ ಮತ್ತೆ ನೀರಿಗೆ ಒಡ್ಡುತ್ತವೆ. ಹಾಗಾಗಿ ಹಿಂದಕ್ಕೂ ಮುಂದಿನಷ್ಟೇ ಪಿಚ್, ಅಂದರೆ ಲೆಕ್ಕದಲ್ಲಿ ಒಂದು ಸುತ್ತಿಗೆ ಸಾಗುವ ದೂರ, ಸಿಗುತ್ತದೆ. ಹಾಯಿಯಲ್ಲಿ ಓಡುವಾಗ ರೆಕ್ಕೆ ನೀರಿನ ಹರಿವಿಗೆ ಸಮನಾಗಿ ನಿಲ್ಲುತ್ತದೆ. ತೊಡಕುಗಳೂ ಇವೆ: ಬೆಲೆ ಬಹಳ, ವರ್ಷಕ್ಕೊಮ್ಮೆ ಗ್ರೀಸ್ ತುಂಬಬೇಕು, ಜಿಂಕ್ ಆನೋಡ್ ಸವೆಯುವ ಮುಂಚೆ ಬದಲಿಸಬೇಕು. ಚಪ್ಪಟೆ ರೆಕ್ಕೆಯಾದ್ದರಿಂದ ಮುಂದಿನ ಓಟದಲ್ಲಿ ಸ್ವಲ್ಪ ಬಲ ಬಿಟ್ಟುಕೊಡುತ್ತದೆ.

ಕೊಳ್ಳುವ ಮುಂಚೆ ನಾನು ಮಾಡಿಸುವ ಪರೀಕ್ಷೆಗಳಿವೆ. ಮೊದಲು ಹಳೆಯದನ್ನು ತೊಳೆಯಿರಿ. ಮುಂಬೈ ಬಂದರಿನ ಬೆಚ್ಚನೆಯ ನೀರಿನಲ್ಲಿ ಬಾರ್ನಕಲ್ ಚಿಪ್ಪು ಬೇಗ ಕೂರುತ್ತದೆ. ಚಿಪ್ಪು ಹತ್ತಿದ ರೆಕ್ಕೆ ಹಿಡಿತ ಕಳೆದುಕೊಂಡದ್ದು ಮೊದಲು ಗೊತ್ತಾಗುವುದು ರಿವರ್ಸ್‌ನಲ್ಲೇ. ಎಷ್ಟೋ ದೋಣಿಗಳ ರೋಗ ಇಲ್ಲಿಗೇ ಮುಗಿದದ್ದುಂಟು. ಆಮೇಲೆ ಗೇರ್‌ಬಾಕ್ಸಿನ ಕ್ಲಚ್ ಜಾರುತ್ತಿದೆಯೇ ನೋಡಿ. ಪ್ರೊಪೆಲರ್‌ನ ನಡುಗುಂಬದ ಮೇಲೆ ‘16×11’ ಎಂಬಂಥ ಅಂಕಿ ಇರುತ್ತದೆ: ವ್ಯಾಸ 16 ಇಂಚು, ಪಿಚ್ 11 ಇಂಚು. ಶಾಂತ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ತನ್ನ ನಿಗದಿತ ಆರ್‌ಪಿಎಂ ಮುಟ್ಟದೆ ಕಪ್ಪು ಹೊಗೆ ಬಿಟ್ಟರೆ ಪಿಚ್ ಹೆಚ್ಚಾಗಿರುವ ಸಂಭವವಿದೆ. ರೆಕ್ಕೆಯ ತುದಿಗೂ ದೋಣಿಯ ತಳಕ್ಕೂ ವ್ಯಾಸದ ಶೇ 10ರಷ್ಟಾದರೂ ಅಂತರ ಬೇಕು. ಜಾಗ ಇಲ್ಲದಲ್ಲಿ ದೊಡ್ಡದು ತುರುಕಿದರೆ ನಡುಕವೇ ಗಳಿಕೆ.

ಕೊನೆಯದು ಕೈಯ ಕಸುಬು. ರಿವರ್ಸ್‌ನಲ್ಲಿ ಒಮ್ಮೆ ಜೋರಾಗಿ ಎಂಜಿನ್ ಕೊಟ್ಟು ದೋಣಿ ಚಲಿಸಿದ ಕೂಡಲೇ ನ್ಯೂಟ್ರಲ್‌ಗೆ ತನ್ನಿ. ಪಕ್ಕದ ಎಳೆತ ನಿಲ್ಲುತ್ತದೆ, ಚುಕ್ಕಾಣಿಗೆ ಜೀವ ಬರುತ್ತದೆ. ಅದು ಒಮ್ಮೆಲೇ ಒಂದು ಬದಿಗೆ ಹೊರಳದಂತೆ ಬಿಗಿಯಾಗಿ ಹಿಡಿಯಿರಿ. ಬಲಗೈ ಪ್ರೊಪೆಲರ್ ಇದ್ದರೆ ಇಕ್ಕಟ್ಟಿನಲ್ಲಿ ಬಲಕ್ಕೆ ತಿರುಗಿಸುವುದು ಸುಲಭ: ಚುಕ್ಕಾಣಿ ಬಲಕ್ಕಿಟ್ಟು ಮುಂದೊಂದು ತಳ್ಳು, ಹಿಂದೊಂದು ಎಳೆತ. ಹಿಂಬದಿ ಎಡಕ್ಕೆ ಜಾರುವ ಅದೇ ಗುಣ ಇಲ್ಲಿ ನೆರವಾಗುತ್ತದೆ. ಕಟ್ಟೆಗೆ ನಿಲ್ಲಿಸುವಾಗಲೂ ಎಡಬದಿಯನ್ನು ಒಡ್ಡಿದರೆ ರಿವರ್ಸ್ ಹಾಕಿದಾಗ ಹಿಂಬದಿ ತಾನೇ ಒಳಗೆ ಬರುತ್ತದೆ.

ಧಾರವಾಡದ ಮಾಲೀಕರು ಮೂರು ರೆಕ್ಕೆಯ ಫೆದರಿಂಗ್ ಹಾಕಿಸಿಕೊಂಡರು. ಮರೀನಾದಲ್ಲಿ ದಿನಾ ಒಳಹೊರಗೆ ಮಾಡುವವರಿಗೆ ಆ ಖರ್ಚು ಸಲ್ಲುತ್ತದೆ. ಭಾನುವಾರಕ್ಕೊಮ್ಮೆ ಮುಂಬೈ ಬಂದರಿನಾಚೆಯ ಮಾಂಡ್ವಾಕ್ಕೆ ಹೋಗಿ ಬಂದು ತೆರೆದ ನೀರಿನಲ್ಲಿ ಲಂಗರು ಹಾಕುವವರಿಗೆ ಸರಿಯಾದ ಅಳತೆಯ, ಚೊಕ್ಕಟವಾದ ಸ್ಥಿರ ಪ್ರೊಪೆಲರ್ ಸಾಕು. ನೀವು ಯಾವುದನ್ನೇ ಆರಿಸಿ, ಅಂಗಡಿಗೆ ಹೋಗುವ ಮುಂಚೆ ಗಾಳಿಯಿಲ್ಲದ ಒಂದು ಬೆಳಿಗ್ಗೆ ತೆರೆದ ನೀರಿನಲ್ಲಿ ನಿಮ್ಮ ದೋಣಿಯನ್ನು ರಿವರ್ಸ್‌ನಲ್ಲಿ ಓಡಿಸಿ, ಅದು ಯಾವ ಕಡೆ, ಎಷ್ಟು ಎಳೆಯುತ್ತದೆಂದು ಬರೆದಿಟ್ಟುಕೊಳ್ಳಿ.