ಮುಖದ ಕಲೆಗೆ ಮನೆಮದ್ದು: ಹಚ್ಚುವ ಮುನ್ನ

ಕಬ್ಬಿನ ಕಟಾವಿನಲ್ಲಿ ಗರಿಯ ಅಂಚು ಕೆನ್ನೆ ಗೀರುವುದು, ಗೇರುಬೀಜ ಸುಡುವಾಗ ಸಿಪ್ಪೆಯ ಎಣ್ಣೆ ಸಿಡಿದು ಚರ್ಮ ಬೇಯುವುದು ರೈತ ಕುಟುಂಬಗಳಿಗೆ ಹೊಸದಲ್ಲ. ಗಾಯ ಮಾಯ್ದರೂ ಕಲೆ ಉಳಿಯುತ್ತದೆ. ಮದುವೆಯ ವಯಸ್ಸಿನ ಮಗಳ ಮುಖದಲ್ಲಿ ಕಲೆಯಿದ್ದರಂತೂ ಮನೆಯವರು ಯಾರು ಏನು ಹೇಳಿದರೂ ಹಚ್ಚಿಬಿಡುತ್ತಾರೆ. ಹೆಚ್ಚಿನ ಕೇಡಾಗುವುದು ಆಗಲೇ.

ಗಾಯ ತುಂಬಲು ದೇಹವು ಕೊಲಾಜೆನ್ ಎಂಬ ನಾರಿನಿಂದ ಹಾಕಿದ ತೇಪೆಯೇ ಕಲೆ. ಅದು ಮೆತ್ತಗಾಗಿ ಬಣ್ಣ ತಿಳಿಯಾಗಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಆಳವಾದ ಕಲೆಯನ್ನು ಪೂರ್ತಿ ಅಳಿಸುವ ಮನೆಮದ್ದು ಇಲ್ಲ. ಗಾಯವಾದ ದಿನದ ಆರೈಕೆಯೇ ಹೆಚ್ಚು ಫಲಕಾರಿ. ಸಣ್ಣ ಗಾಯವನ್ನು ಸೋಪು, ಶುದ್ಧ ನೀರಿನಿಂದ ತೊಳೆದು, ತೆಳುವಾಗಿ ವ್ಯಾಸಲೀನ್ ಸವರಿ, ಶುಭ್ರ ಬಟ್ಟೆಯಿಂದ ಮುಚ್ಚಬೇಕು. ಹಕ್ಕಳೆಯನ್ನು ಕೀಳಬಾರದು. ಆಳವಾದ ಗಾಯಕ್ಕೂ ಸುಟ್ಟ ಗಾಯಕ್ಕೂ ವೈದ್ಯರೇ ಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ಅವರನ್ನೇ ಕೇಳಬೇಕು.

ನಿಂಬೆರಸದ ಬಳಕೆ ಬಹಳ. ಮಣ್ಣಿನ ರಸಸಾರ 5ಕ್ಕೆ ಇಳಿದರೆ ಸುಣ್ಣ ಹಾಕಲು ಹೊರಡುವ ರೈತನು, ರಸಸಾರ 2ರ ಆಸುಪಾಸಿನಲ್ಲಿರುವ ನಿಂಬೆರಸವನ್ನು ಮಗಳ ಕೆನ್ನೆಗೆ ಹಚ್ಚುವುದು ವಿಚಿತ್ರವೇ ಸರಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಬೊಕ್ಕೆಯೆದ್ದು ಕಲೆ ಇನ್ನಷ್ಟು ಕಪ್ಪಾಗಬಹುದು. ಎಕ್ಕದ ಹಾಲು, ಗೇರೆಣ್ಣೆ, ಸುಣ್ಣ ಇವುಗಳನ್ನು ಮುಖದ ಹತ್ತಿರಕ್ಕೂ ತರತಕ್ಕದ್ದಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಲೋಳೆಸರ ಬಳಸುವವರು ಎಲೆಯನ್ನು ಬುಡಕ್ಕೆ ಕತ್ತರಿಸಿ, ಕತ್ತರಿಸಿದ ತುದಿ ಕೆಳಗಾಗುವಂತೆ ಕಾಲು ಗಂಟೆ ನಿಲ್ಲಿಸಬೇಕು. ತುರಿಕೆ ತರುವ ಹಳದಿ ರಸ ಸೋರಿಹೋಗುತ್ತದೆ. ಬಳಿಕ ತೊಳೆದು, ಸಿಪ್ಪೆ ತೆಗೆದು, ತಿಳಿಯಾದ ಲೋಳೆಯನ್ನಷ್ಟೇ ತೆಗೆದುಕೊಳ್ಳಬೇಕು. ಮೊದಲು ಮೊಳಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯುವುದು ಕ್ಷೇಮ. ಗಾಯ ಪೂರ್ತಿ ಮಾಯ್ದ ಮೇಲೆ ಕೊಬ್ಬರಿ ಎಣ್ಣೆಯಿಂದ ಹಗುರವಾಗಿ ತಿಕ್ಕಿದರೆ ಬಿಗಿತ ಸಡಿಲವಾಗಬಹುದು. ಇವೆಲ್ಲಕ್ಕಿಂತ ತಲೆಯ ಮೇಲೊಂದು ಅಗಲ ಅಂಚಿನ ಟೋಪಿ ಮೇಲು. ಹೊಸ ಕಲೆಯನ್ನು ಕಪ್ಪಾಗಿಸುವುದು ಬಿಸಿಲು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ಹಚ್ಚಬಾರದು, ಚರ್ಮ ತೆಳುವಾಗುತ್ತದೆ.

ಕಲೆಯು ಗಾಯದ ಗಡಿ ದಾಟಿ ಗಂಟಾಗಿ ಬೆಳೆದರೆ ಚರ್ಮವೈದ್ಯರಲ್ಲಿಗೆ ಹೋಗಬೇಕು. ಗಾಯವೇ ಆಗದೆ ಮೂಡಿದ, ಮುಟ್ಟಿದರೆ ತಿಳಿಯದ ತಿಳಿಬಣ್ಣದ ಮಚ್ಚೆಯಾದರೆ ಅದು ಕುಷ್ಠವಿರಬಹುದು. ಅಂತಹ ಮಚ್ಚೆಗೆ ಏನನ್ನೂ ಹಚ್ಚುತ್ತ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಕುಷ್ಠಕ್ಕೆ ಅಲ್ಲಿ ಔಷಧಿ ಉಚಿತ, ಮತ್ತು ರೋಗ ವಾಸಿಯಾಗುತ್ತದೆ.